ಕೂಗುವ ಗಾಲಿಗೆ ಕೀಲೆಣ್ಣೆ

ಉಡುತಡಿಯ ಯಶೋಧರಾಳ ವ್ಯಾನು ಸಂಕ್ರಾಂತಿಯಿಂದಲೂ ಕಿರುಚುತ್ತಿತ್ತು. ಬ್ರೇಕ್ ಮೆಟ್ಟಿದಾಗಲೆಲ್ಲ ಮುಂದಿನ ಎಡಗಾಲಿಯಿಂದ ಕಿರ್ರೆಂಬ ಸದ್ದು. ಬೀದಿಯಲ್ಲಿ ಮಲಗಿದ ನಾಯಿಗಳು ಕೂಡ ಬೇಸತ್ತು ಎದ್ದು ಹೋಗುತ್ತಿದ್ದವು. ದಿನಾ ಬೆಳಿಗ್ಗೆ ಅವಳು ಊರಿನ ಹೆಂಗಸರನ್ನು ಕೂರಿಸಿಕೊಂಡು ಶಿರಾಳಕೊಪ್ಪ ದಾಟಿ ಸೊರಬದ ಕಡೆಯ ಶುಂಠಿ ಹೊಲಗಳಿಗೆ ಬಿಡುವವಳು, ಸಂಜೆ ವಾಪಸು ಕರೆತರುವವಳು.

"ನಿನ್ನ ಗಾಡಿಗಿಂತ ನಮ್ಮತ್ತೆ ಬಾಯೇ ವಾಸಿ ಕಣೆ," ಎಂದು ಮುಂದಿನ ಸೀಟಿನ ರಾಧಮ್ಮ ರೇಗಿಸುತ್ತಿದ್ದಳು.

"ಶುಂಠಿ ಕೀಳೋದು ಮುಗೀಲಿ, ಗ್ಯಾರೇಜಿಗೆ ಬಿಡ್ತೀನಿ," ಎಂದು ಯಶೋಧರಾ ನಗುತ್ತಿದ್ದಳು. ಸುಗ್ಗಿಯಲ್ಲಿ ಗಾಡಿ ನಿಲ್ಲಿಸಿದರೆ ಹೆಂಗಸರು ಬೇರೆ ಗಾಡಿ ಹತ್ತಿಬಿಟ್ಟಾರು ಎಂಬುದು ಅವಳ ಲೆಕ್ಕ. ಎಲ್ಲ ಕಾಲಕ್ಕೂ ಜನ ಹಾಕುವ ಲೆಕ್ಕವೇ ಅದು.

ಒಂದು ಬುಧವಾರ ಬೆಳಿಗ್ಗೆ ಸದ್ದು ಇಲ್ಲವೇ ಇಲ್ಲ. ಬ್ರೇಕು ಕೊಂಚ ಮೆತ್ತಗಾಗಿದೆ ಅನ್ನಿಸಿತು, ಆದರೆ ಸದ್ದಡಗಿದ ಖುಷಿಯಲ್ಲಿ ಅದನ್ನು ಯಾರು ಕೇಳಬೇಕು? ತಾನಾಗಿಯೇ ಸರಿಹೋಯಿತು ಎಂದುಕೊಂಡಳು. ಯಂತ್ರಗಳು ತಾವಾಗಿಯೇ ಸರಿಹೋಗುವುದಿಲ್ಲ ಎಂಬುದು ಗೊತ್ತಿದ್ದೂ ಹಾಗೆಂದುಕೊಂಡಳು.

ಸಂಜೆ ಗುಡವಿಯ ಕಡೆಯಿಂದ ವ್ಯಾನ್ ತುಂಬ ಹೆಂಗಸರನ್ನು ಹೇರಿಕೊಂಡು ಬರುವಾಗ ಇಳಿಜಾರಿನಾಚೆ ಕೆರೆ ಏರಿಯ ಮೇಲೆ ಎಮ್ಮೆಗಳ ಹಿಂಡು ಅಡ್ಡ ಬಂತು. ಯಶೋಧರಾ ಬ್ರೇಕ್ ಮೆಟ್ಟಿದಳು. ವ್ಯಾನು ನಿಲ್ಲುವ ಬದಲು ಬಲಕ್ಕೆ, ನೀರಿನ ಕಡೆಗೆ ಎಳೆಯಿತು. ಸ್ಟೀರಿಂಗನ್ನು ಎಡಕ್ಕೆ ತಿರುಚಿ ಹಿಡಿದು, ಗೇರು ಇಳಿಸಿ, ಕೈಬ್ರೇಕನ್ನು ಮೇಲಕ್ಕೆಳೆದಳು. ಏರಿಯ ಅಂಚಿನ ಕಲ್ಲಿಗೆ ತಾಗಿ ವ್ಯಾನು ನಿಂತಿತು. ಕೆರೆಯ ಕೊಕ್ಕರೆಗಳೆಲ್ಲ ಒಮ್ಮೆಗೇ ಎದ್ದವು. ಒಳಗಿದ್ದವರ ಜೀವ ಬಾಯಿಗೆ ಬಂದಿತ್ತು. ರಾಧಮ್ಮ ಬಾಗಿಲು ತೆರೆದು ಎಲ್ಲರಿಗಿಂತ ಮೊದಲು ಕೆಳಗಿಳಿದಳು.

ಹೆಂಗಸರನ್ನು ಬಸ್ಸಿಗೆ ಹತ್ತಿಸಿ, ತಾನೊಬ್ಬಳೇ ಮೊದಲ ಗೇರಿನಲ್ಲಿ ತೆವಳಿಸಿಕೊಂಡು ಶಿರಾಳಕೊಪ್ಪದ ಗ್ಯಾರೇಜು ಮುಟ್ಟಿದಳು. ಮೆಕ್ಯಾನಿಕ್ ಪರಮಶಿವಪ್ಪ ಕೆಲಸಕ್ಕಿಂತ ಬೈಗುಳಕ್ಕೇ ಹೆಸರಾದವನು. ಬಲಕ್ಕೆ ಎಳೆಯಿತು ಎಂದೊಡನೆ, "ಹಂಗಾದ್ರೆ ಎಡಗಡೆ ಬ್ರೇಕು ಹಿಡೀತಿಲ್ಲ," ಎಂದು ಎಡಗಾಲಿ ಬಿಚ್ಚಿದ. ಡಿಸ್ಕಿನ ಮೇಲೆ ಕಪ್ಪಗೆ ಏನೋ ಬಳಿದಿತ್ತು. ಬೆರಳಿಗೆ ಹಚ್ಚಿ ಮೂಸಿದ.

"ಯಶೋಧಕ್ಕಾ, ಹರಳೆಣ್ಣೆ ವಾಸನೆ ಹೊಡೀತೈತಲ್ರೀ! ಬ್ರೇಕಿಗೆ ಒಗ್ಗರಣೆ ಹಾಕೀರೇನು?"

ಹರಳೆಣ್ಣೆಗೆ ಹುಲ್ಲಿನ ಬೂದಿ ಕಲಸಿದ ಕೀಲೆಣ್ಣೆ. ಎತ್ತಿನ ಗಾಡಿಯ ಅಚ್ಚಿಗೆ ಹಾಕುವಂಥದ್ದು. ಅದನ್ನು ಇನ್ನೂ ಕಲಸುವ ಮನುಷ್ಯ ಅವಳ ಮನೆಯಲ್ಲೇ ಇದ್ದ: ಮಾವ ಉಚ್ಚಂಗಪ್ಪ. ಎತ್ತು ಮಾರಿದ ಮೇಲೆ ಮುದುಕನಿಗೆ ವ್ಯಾನೇ ಎತ್ತು. ಬೆಳಗಾಗೆದ್ದು ಅದರ ಮೈ ತೊಳೆಯುವನು, ಮೂತಿಗೆ ಕುಂಕುಮ ಇಡುವನು. ಕೂಗುವ ಗಾಲಿಗೆ ಎಣ್ಣೆ ಬೇಕೆಂದು ನಸುಕಿನಲ್ಲೇ ಅದರ ಕಿಂಡಿಯೊಳಗೆ ಕಡ್ಡಿ ತೂರಿಸಿ ಬಳಿದುಬಿಟ್ಟಿದ್ದಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಯಶೋಧರಾಳಿಗೆ ಮೈಯೆಲ್ಲ ಉರಿಯಿತು. 'ಇನ್ನು ಮೇಲೆ ಗಾಡಿ ಮುಟ್ಟಬ್ಯಾಡ್ರಿ' ಎಂದು ಇವತ್ತೇ ಹೇಳಿಬಿಡಬೇಕು. ಆ ಮಾತು ಮುದುಕನ ಬೆಳಗುಗಳನ್ನೇ ಕಿತ್ತುಕೊಳ್ಳುತ್ತದೆಂದು ಗೊತ್ತು. ಆದರೂ ಹೇಳಲೇಬೇಕು.

ಪರಮಶಿವಪ್ಪ ಅಷ್ಟರಲ್ಲಿ ಬ್ರೇಕ್ ಪ್ಯಾಡ್ ಹೊರತೆಗೆದು ಅವಳ ಮುಂದೆ ಹಿಡಿದ. ದಪ್ಪಗೆ ಇರಬೇಕಾದ ಪ್ಯಾಡು ಚಪಾತಿಯಷ್ಟು ತೆಳ್ಳಗಾಗಿತ್ತು. "ಎಣ್ಣೆ ಇರ್ಲಿ, ಇದನ್ನ ನೋಡ್ರಿ. ಈ ತಗಡಿನ ನಾಲಿಗೆ ಕಾಣ್ತಾ? ಪ್ಯಾಡ್ ಸವೆದಾಗ ಇದು ಡಿಸ್ಕಿಗೆ ತಾಗಿ ಕೂಗ್ಲಿ ಅಂತಾನೇ ಇಟ್ಟಿರ್ತಾರೆ. ಎಷ್ಟು ದಿನದಿಂದ ಕೂಗ್ತಿತ್ತು?"

"ಸಂಕ್ರಾಂತಿಯಿಂದ," ಎಂದಳು, ನೆಲ ನೋಡುತ್ತ.

"ಮತ್ತೆ?"

ಪರಮಶಿವಪ್ಪ ಬಲಗಾಲಿಯನ್ನೂ ಬಿಚ್ಚಿ ನೋಡಿದ. ಬಲಗಡೆಯದೂ ಅಷ್ಟೇ ಸವೆದಿತ್ತು. ಅವನು ಎಣ್ಣೆ ಕುಡಿದ ಪ್ಯಾಡನ್ನು ಮೂಲೆಗೆಸೆದು, ಡಿಸ್ಕನ್ನು ಉಜ್ಜಿ ಉಜ್ಜಿ ತೊಳೆದು, ಎರಡೂ ಕಡೆ ಹೊಸ ಜೋಡಿ ಕೂರಿಸಿ, ಖಾಲಿ ರಸ್ತೆಯಲ್ಲಿ ಓಡಿಸಿ ಮೆಟ್ಟಿ ತೋರಿಸಿದ. ವ್ಯಾನು ಅತ್ತಿತ್ತ ಅಲುಗದೆ ನಿಂತಿತು. ಮೂಲೆಯ ಹಳೆಯ ಪ್ಯಾಡನ್ನು ಅವಳು ಕಾಗದದಲ್ಲಿ ಸುತ್ತಿಕೊಂಡಳು. ದಾರಿಯುದ್ದಕ್ಕೂ ಸಿಟ್ಟು ಯಾರ ಮೇಲೆ ಮಾಡಬೇಕೆಂದೇ ತಿಳಿಯಲಿಲ್ಲ.

ಉಚ್ಚಂಗಪ್ಪ ಕಟ್ಟೆಯ ಮೇಲೆ ಕಾಯುತ್ತಿದ್ದ. ವ್ಯಾನು ನಿಲ್ಲುವುದೇ ತಡ, ಮುಖ ಅರಳಿಸಿ ಕೇಳಿದ: "ಇವತ್ತು ಕೂಗ್ಲಿಲ್ಲ ತಾನೆ?"

ಸಿದ್ಧಮಾಡಿಕೊಂಡು ಬಂದ ಮಾತನ್ನು ಬಿಟ್ಟು ಅವಳು ಕೆಳಗಿಳಿದಳು. ಕಾಗದ ಬಿಚ್ಚಿ ಪ್ಯಾಡನ್ನು ಅವನ ಅಂಗೈಯಲ್ಲಿಟ್ಟು, ಕೆರೆ ಏರಿಯ ಮೇಲೆ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

ಮುದುಕ ಪ್ಯಾಡನ್ನು ಹೆಬ್ಬೆರಳಿನಿಂದ ಸವರಿದ. "ಇದು ಕೀಲಿನ ಸದ್ದಲ್ಲ, ಲಾಳ ಸವೆದಂಗೆ ಐತಲ್ಲವ್ವಾ," ಎಂದ. ಎತ್ತಿನ ಕಾಲಿಗೆ ಎಷ್ಟೋ ಲಾಳ ಕಟ್ಟಿಸಿದವನು ಅದನ್ನು ಮಗುಚಿ ಮಗುಚಿ ನೋಡಿದ. "ಲಾಳ ಹೋದ ಎತ್ತಿಗೆ ನಾನು ಎಣ್ಣೆ ಹಚ್ಚಿದೆ. ಅಷ್ಟು ಹೆಣ್ಮಕ್ಕಳು ಕುಂತಿದ್ರು..."

ಮಂಡಿ ನೋವಿನ ಮನುಷ್ಯ, ಕತ್ತಲು ಹರಿಯುವ ಮೊದಲೇ ಗಾಲಿಗೆ ಎಣ್ಣೆ ಬಳಿಯಲು ಆ ತಣ್ಣನೆಯ ನೆಲದಲ್ಲಿ ಹೇಗೆ ಕೂತನೋ, ಹೇಗೆ ಎದ್ದನೋ! ಯಶೋಧರಾಳ ಕಣ್ಣು ತುಂಬಿತು. ಬಗ್ಗಿ ಅವನ ಕಾಲು ಮುಟ್ಟಿದಳು.

"ಇವತ್ತೇನವ್ವಾ ಹಬ್ಬ?" ಅವನು ಗಾಬರಿಯಾದ.

"ಎಲ್ಲರೂ ಜೀವಸಹಿತ ಮನೆ ಸೇರೀವಲ್ಲ, ಹಬ್ಬಾನೇ ಅನ್ನಿ. ಅದು ಕೂಗಿದ್ದು ಇಡೀ ಊರಿಗೆ ಕೇಳ್ತು ಮಾವಾ. ನಾನೂ ಕೇಳಿಸ್ಕೊಂಡು ಸುಮ್ನಿದ್ದೆ. ಏನಾಯ್ತು ಅಂತ ಎದ್ದು ಬಂದೋರು ನೀವೊಬ್ರೇ." ಅವಳು ಮೂಗು ಒರೆಸಿಕೊಂಡಳು. "ನಾಳೆಯಿಂದ ದಿನಾ ಕಿವಿಗೊಟ್ಟು ಕೇಳ್ರಿ. ಕೂಗಿದ್ರೆ ಎಣ್ಣೆ ಬ್ಯಾಡ, ನಂಗೆ ಹೇಳ್ರಿ. ಅವತ್ತೇ ಗಾಡಿ ನಿಲ್ಲಿಸ್ತೀನಿ, ಶುಂಠಿ ಹಾಳಾಗಿ ಹೋಗ್ಲಿ."

ಅವನು ಪ್ಯಾಡನ್ನು ಮತ್ತೆ ಕಾಗದದಲ್ಲಿ ಸುತ್ತಿದ. ಆಮೇಲೆ ತಲೆಯೆತ್ತಿ ಕೇಳಿದ: "ಎರಡೂ ಕಡೆ ಹಾಕಿಸಿದಿ ಹೌದಲ್ಲವ್ವಾ? ಲಾಳ ಒಂದೇ ಕಡೆ ಕಟ್ಟಬಾರ್ದು, ಎತ್ತು ಕುಂಟ್ತದೆ."

"ಎರಡೂ ಕಡೆ ಮಾವಾ."

ಮರುದಿನ ಬೆಳಿಗ್ಗೆ ರಾಧಮ್ಮ ಮೊದಲೇ ಬಂದು ಮುಂದಿನ ಸೀಟು ಹಿಡಿದಳು, ಉಳಿದವರೂ ಹತ್ತಿದರು. ಮೂತಿಗೆ ಕುಂಕುಮ ಇಟ್ಟ ವ್ಯಾನು ಮೆಲ್ಲಗೆ ಹೊರಟಿತು. ಉಚ್ಚಂಗಪ್ಪ ಎಡಗಾಲಿಯ ಕಡೆ ಕಿವಿ ಬಾಗಿಸಿಕೊಂಡು ಬೀದಿಯ ತಿರುವಿನವರೆಗೂ ಜೊತೆಗೇ ನಡೆದ. ಅವನಿಗಾಗಿಯೇ ಯಶೋಧರಾ ಅಲ್ಲೊಮ್ಮೆ ಬ್ರೇಕ್ ಮೆಟ್ಟಿ ನಿಲ್ಲಿಸಿದಳು. ಗಾಲಿ ತುಟಿ ಪಿಟಕ್ಕೆನ್ನಲಿಲ್ಲ.

ಮುದುಕ ವ್ಯಾನಿನ ಪಕ್ಕೆಗೆ ಅಂಗೈಯಿಂದ ಎರಡು ಬಾರಿ ತಟ್ಟಿ, "ಹುಷಾರಾಗಿ ಹೋಗಿ ಬಾ," ಎಂದ. ಹೇಳಿದ್ದು ತನಗೋ ಗಾಡಿಗೋ ಎಂದು ಯಶೋಧರಾ ಕೇಳಲಿಲ್ಲ.