ಅಸ್ತರದ ಬಟ್ಟೆ

ಆ ಮುಂಜಾನೆ ಕಲಬುರಗಿಯ ಮೇಲೆ ಮಂಜು ಹಿಂಜಿದ ಅರಳೆಯಂತೆ ಹರವಿಕೊಂಡಿತ್ತು. ಎದುರುಮನೆಯ ಬಾಗಿಲೂ ಕಾಣುತ್ತಿರಲಿಲ್ಲ. ಅಕ್ಬರಿ ಬೇಗಂ ಲಲಿತಾಬಾಯಿಯ ಹೊಸ್ತಿಲ ಹೊರಗೆ ಕುಳಿತು, ಸೂಜಿಯನ್ನು ಆ ಬಿಳಿ ಬೆಳಕಿಗೆ ಎತ್ತಿ ಹಿಡಿದು ದಾರ ಪೋಣಿಸಲು ಹೆಣಗುತ್ತಿದ್ದಳು. ದಾರದ ತುದಿ ಒದ್ದೆ, ಕಣ್ಣೂ ಒದ್ದೆ. ಒಂದು ಇನ್ನೊಂದಕ್ಕೆ ಸಿಗಲೊಲ್ಲದು.

ಒಳಗೆ ಖೋಲಿಯಲ್ಲಿ ಲಲಿತಾಬಾಯಿಯನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ನಿನ್ನೆ ಸಂಜೆ ಆಸ್ಪತ್ರೆಯಲ್ಲಿ ಉಸಿರು ಬಿಟ್ಟವಳು, ಈಗ ಗಿರಾಕಿಯ ದಾರಿ ಕಾಯುವವಳಂತೆ ಕುಳಿತಿದ್ದಳು.

ಅಕ್ಬರಿಯ ಮಡಿಲಲ್ಲಿ ಅಂಗೈಯಗಲದ ಒಂದು ಚೀಲವಿತ್ತು. ಬಿಳಿ ನೂಲಿನಲ್ಲಿ ಕೊಕ್ಕೆಸೂಜಿಯಿಂದ ಹೆಣೆದದ್ದು, ಲಲಿತಾಬಾಯಿಯ ಕೊನೆಯ ಕೈಗೆಲಸ. ಒಳಗಿನ ಅಸ್ತರ ಅರ್ಧ ಮಾತ್ರ ಹೊಲಿದಾಗಿತ್ತು. ಮಣ್ಣು ಕೊಡುವುದರೊಳಗೆ ಉಳಿದರ್ಧ ಮುಗಿಯಬೇಕಿತ್ತು.

"ಏನವಾ ಬೇಗಂ, ಸತ್ತ ಮನಿ ಮುಂದ ಯಾರರ ಸೂಜಿ ಹಿಡೀತಾರೇನ? ಎತ್ತಿಡು ಅದನ್ನ," ಎಂದಳು ಬಾಗಿಲಿಗೆ ಬಂದ ಗುರುಬಾಯಿ. ಆಕೆ ಲಲಿತಾಬಾಯಿಯ ಮೈದುನ ಖಂಡೆಪ್ಪನ ಹೆಂಡತಿ.

"ಇಷ್ಟೇ ಉಳದದ ರೀ."

"ಇಷ್ಟಿರಲಿ ಅಷ್ಟಿರಲಿ. ನೋಡಿದ ಮಂದಿ ಏನಂತಾರ?"

ಅಷ್ಟರಲ್ಲಿ ಮಂಜಿನೊಳಗಿಂದ ಖಂಡೆಪ್ಪನ ದನಿ ಬಂತು. "ಟೆಂಪೋ ಬಂತು, ಏಳ್ರಿ ಏಳ್ರಿ! ಮಂಜು ಬಿಡ್ಲಿ ಅಂತ ಕುಂತ್ರ, ಕಮಲಾಪುರದಾಗ ಅಯ್ಯನವರು ಕುಣಿ ಮುಂದ ಕಾಯ್ದು ಕಾಯ್ದು ನನ್ನನ್ನೇ ಅದರಾಗ ಕೂಡಸ್ತಾರ."

ಯಾರೋ ನಕ್ಕರು. ನಕ್ಕವರೇ ಸೆರಗು ಬಾಯಿಗೆ ಹಿಡಿದು ಅತ್ತರು.

*

ಗಂಡನನ್ನು ಕಮಲಾಪುರದ ಹೊಲದಲ್ಲಿ ಮಣ್ಣುಮಾಡಿ, ಪುಟ್ಟ ಮಗಳು ಮಲ್ಲಿಕಾಳನ್ನು ಕಂಕುಳಲ್ಲಿ ಎತ್ತಿಕೊಂಡು ಲಲಿತಾಬಾಯಿ ಕಲಬುರಗಿಗೆ ಬಂದಾಗ ಅವಳಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಈ ಹೆಣಿಗೆ. ಅಕ್ಬರಿಯ ಮನೆಯ ಹಿಂದಿನ ಖೋಲಿ ಬಾಡಿಗೆಗೆ ಹಿಡಿದಳು. ಮೊದಲ ಚೀಲ ಹೆಣೆದು ತಂದು ತೋರಿಸಿದಾಗ, ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದ ಅಕ್ಬರಿ ಅದರೊಳಗೆ ಕೈ ಹಾಕಿ ನೋಡಿದ್ದಳು. ಐದೂ ಬೆರಳು ಹೊರಗೆ ಬಂದವು.

"ಚಂದ ಅದ ಅಕ್ಕಾ. ಆದ್ರ ಚಿಲ್ಲರ ಹಾಕಿದ್ರ ಹಾದಿತುಂಬಾ ದಾನ ಮಾಡ್ಕೊಂತ ಹೋಗಬೇಕಾಗ್ತದ."

"ಹಂಗಾರ ನೀ ಒಂದು ಅಸ್ತರ ಹಾಕಿ ಕೊಡು."

ಅಂದು ಕೂಡಿದ ಕೈಗಳು ಬಿಡಲಿಲ್ಲ. ಆಕೆ ಹೊರಗಿನದು ಹೆಣೆದಳು, ಈಕೆ ಒಳಗಿನದು ಹೊಲಿದಳು. ಅಸ್ತರ ಹೆಣಿಗೆಗಿಂತ ಒಂದು ಬೆರಳು ಗಿಡ್ಡ ಇರಬೇಕೆಂದು ಕಂಡುಕೊಂಡವಳು ಅಕ್ಬರಿ. ಹಾಗಿದ್ದರೆ ಭಾರವನ್ನೆಲ್ಲ ಅಸ್ತರ ಹೊರುತ್ತದೆ, ಹೆಣಿಗೆ ಜೋತು ಬೀಳುವುದಿಲ್ಲ.

ಗಿರಾಕಿಗಳು ಅಸ್ತರಕ್ಕೆಂದು ತಾವೇ ಬಟ್ಟೆ ತರತೊಡಗಿದರು. ತೀರಿಹೋದ ತಾಯಿಯ ಸೀರೆ, ಅಪ್ಪನ ಅಂಗಿ, ಮದುವೆಯ ದಾವಣಿ. ಒಮ್ಮೆ ಉಳಿದ ರೇಷ್ಮೆಯ ತುಂಡೊಂದನ್ನು ಅಕ್ಬರಿ ಮೊಮ್ಮಗಳ ಗೊಂಬೆಗೆಂದು ಎತ್ತಿಟ್ಟಿದ್ದಳು. ಲಲಿತಾಬಾಯಿ ಅದನ್ನು ಕಂಡು, ಉರಿಬಿಸಿಲಲ್ಲೇ ಅವಳ ಕೈಹಿಡಿದು ಕೋಟನೂರಿನವರೆಗೂ ಕರೆದೊಯ್ದು ಗಿರಾಕಿಯ ಕೈಗೆ ಕೊಡಿಸಿದ್ದಳು.

"ಇಷ್ಟು ಚಿಂದಿಗೂ ಇಷ್ಟು ದೂರ ನಡಸ್ತಿ ಏನಕ್ಕಾ?" ಎಂದು ಅಕ್ಬರಿ ಏದುಸಿರು ಬಿಟ್ಟಿದ್ದಳು.

"ನಾವು ಮಾರೂದು ಚೀಲ, ಅಕ್ಬರಿ. ಮಂದಿ ನೆನಪ ಅಲ್ಲ. ಕೆಲಸ ಮುಗೀತು ಅಂದ್ರ ಉಳದದ್ದು ಅವರದ್ದು ಅವರಿಗೆ."

*

ಟೆಂಪೋ ಮಂಜಿನಲ್ಲಿ ತಡವರಿಸುತ್ತ ಹುಮನಾಬಾದ್ ರಸ್ತೆಗೆ ಬಿತ್ತು. ಹಿಂದುಗಡೆ ಲಲಿತಾಬಾಯಿಯನ್ನು ಕುರ್ಚಿಯಲ್ಲಿ ಕೂಡಿಸಿ, ಬೀಳದಂತೆ ಧೋತರದಿಂದ ಬಿಗಿದಿದ್ದರು. ಎಡಗಡೆ ಮಗಳು ಮಲ್ಲಿಕಾ ತಾಯಿಯ ಭುಜ ಹಿಡಿದಿದ್ದಳು, ಎದುರಿಗೆ ಅಕ್ಬರಿ.

ಹುಮನಾಬಾದಿನ ಶಾಲೆಯಲ್ಲಿ ಕಲಿಸುವ ಮಲ್ಲಿಕಾ ನಿನ್ನೆ ಸುದ್ದಿ ಕೇಳಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಂಚಮಿಗೆ ಬಂದಾಗ ತಾಯಿಯನ್ನು ತನ್ನಲ್ಲಿಗೆ ಕರೆದಿದ್ದಳು. "ಆರ್ಡರ್ ಅದಾವ, ಮುಗಿಸಿ ಬರ್ತೀನಿ" ಎಂದಿದ್ದಳು ಲಲಿತಾಬಾಯಿ. "ಸಣ್ಣಾಕಿ ಇದ್ದಾಗಿಂದ್ಲೂ ಇದೇ ಮಾತು. ಆ ನೂಲಿನ ಮ್ಯಾಲಿರೋ ಜೀವ ನನ್ನ ಮ್ಯಾಲೆ ಎಂದಾದ್ರೂ ಇತ್ತೇನ ನಿನಗ?" ಎಂದು ಎದ್ದು ಹೋದ ಮಗಳು ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಹಿಂದಿನ ಖೋಲಿಯ ಆ ಮಾತು ಮುಂದಿನ ಮನೆಯ ಅಕ್ಬರಿಗೂ ಕೇಳಿಸಿತ್ತು.

"ಖಾಲಾ, ಇವತ್ತೊಂದಿನರ ಬಿಡ್ರಿ ಆ ಹೊಲಿಗಿ," ಎಂದಳು ಮಲ್ಲಿಕಾ. ದನಿ ಗಡಸಾಗಿತ್ತು. "ಹೆಣದ ಮುಂದ ಕುಂತೂ ಆರ್ಡರ್ ಮುಗಸಾಕತ್ತೀರಿ. ಯಾರದು ಅಷ್ಟು ಅವಸರದ್ದು?"

"ನಿಮ್ಮವ್ವಂದೇ ಬೇಟಾ."

ಮಹಾಗಾಂವ ಕ್ರಾಸಿನಲ್ಲಿ ತೊಗರಿ ಹೇರಿದ ಟ್ರ್ಯಾಕ್ಟರು ಅಡ್ಡಬಂದು ಗಾಡಿ ನಿಂತಿತು. ಅಕ್ಬರಿಯ ದಾರ ಮುಗಿದಿತ್ತು. ಹೊಸ ಎಳೆ ತೆಗೆದು ಮತ್ತೆ ಸೂಜಿಯೊಂದಿಗೆ ಗುದ್ದಾಡತೊಡಗಿದಳು. ಎಳೆ ಆಚೆ ಹೋಯಿತು, ಈಚೆ ಹೋಯಿತು.

ಮಲ್ಲಿಕಾ ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ ಸೂಜಿ ಇಸಿದುಕೊಂಡು, ಎಳೆಯ ತುದಿಯನ್ನು ತುಟಿಯಲ್ಲಿ ಒತ್ತಿ, ಒಂದೇ ಸಲಕ್ಕೆ ಪೋಣಿಸಿ ತಿರುಗಿ ಕೊಟ್ಟಳು. ಶಾಲೆಯಿಂದ ಬಂದೊಡನೆ ಪಾಟಿಚೀಲ ಬಿಸಾಕಿ ಖಾಲಾನ ಸೂಜಿಗಳಿಗೆಲ್ಲ ದಾರ ಪೋಣಿಸಿಡುವುದು ಒಂದು ಕಾಲಕ್ಕೆ ಅವಳ ಕೆಲಸವಾಗಿತ್ತು.

ಇಬ್ಬರೂ ಲಲಿತಾಬಾಯಿಯ ಮುಖ ನೋಡಿದರು. ಗಾಡಿ ಹೊರಟಿತು.

*

ಆಸ್ಪತ್ರೆಯಲ್ಲಿ ಲಲಿತಾಬಾಯಿಯನ್ನು ದೊಡ್ಡ ಸ್ಕ್ಯಾನಿಂಗ್ ಮಷೀನಿನೊಳಗೆ ಮಲಗಿಸುವ ಮೊದಲು, ಕೊರಳಿನ ಬೆಳ್ಳಿ ಕರಡಿಗೆ ತೆಗೆಯಬೇಕೆಂದು ನರ್ಸಮ್ಮ ಹೇಳಿದ್ದಳು. ದೀಕ್ಷೆಯಾದಂದಿನಿಂದ ಮೈಬಿಟ್ಟು ಇಳಿಯದ ಇಷ್ಟಲಿಂಗ ಅದರೊಳಗಿತ್ತು. ಲಲಿತಾಬಾಯಿ ಲಿಂಗವನ್ನು ಕರವಸ್ತ್ರದಲ್ಲಿ ಕಟ್ಟಿ ಮುಷ್ಟಿಯಲ್ಲಿ ಹಿಡಿದೇ ಮಲಗಿದಳು. ಹೊರಗೆ ಬಂದ ಮೇಲೆ ನೂಲು, ಕೊಕ್ಕೆ ತರಿಸಿಕೊಂಡಳು.

"ಬೆಳ್ಳಿ ಸಾಕಾತು ಅಕ್ಬರಿ. ಅದು ಮಲ್ಲಿಕಾಗ ಇರಲಿ. ನನ್ನ ಲಿಂಗಕ್ಕ ನಾನೇ ಒಂದು ಚೀಲ ಹೆಣೀತೀನಿ."

ಹೆಣೆದು ಮುಗಿಸಿ, ತಲೆದಿಂಬಿನಡಿಯಿಂದ ಗಂಟೊಂದನ್ನು ಎಳೆದಳು. ಒಳಗೆ ಹಳದಿ ಫ್ರಾಕು, ಮೈತುಂಬ ಸಣ್ಣ ಕೆಂಪು ಹೂ. ಮಲ್ಲಿಕಾ ಮೊದಲ ದಿನ ಶಾಲೆಗೆ ಹಾಕಿಕೊಂಡು ಹೋದದ್ದು.

"ಅಸ್ತರ ಇದರಾಗಿಂದ ಹಾಕು."

"ಇಷ್ಟು ಜ್ವಾಕಿ ಮಾಡಿದ್ದಕ್ಕ ಕತ್ರಿ ಹಾಕಂತಿಯಲ್ಲ ಅಕ್ಕಾ! ಕೈ ಬರಾಂಗಿಲ್ಲ ನನಗ."

"ಹಾಕು. ಆಕಿ ಭಾಳ ದೂರ ಕುಂತಾಳ. ಇದಾದ್ರೂ ಲಿಂಗದ ಮಗ್ಗಲ ಇರಲಿ."

ಮರುದಿನ ಅಕ್ಬರಿ ಚೀಲ ಹೊಲಿಯಲು ಕುಳಿತಿದ್ದಾಗಲೇ ಆಸ್ಪತ್ರೆಯಿಂದ ಫೋನು ಬಂದಿತ್ತು.

*

ಕಮಲಾಪುರ ಮುಟ್ಟುವಾಗ ಮಂಜು ತೆಳ್ಳಗಾಗಿತ್ತು. ಹೊಲದಲ್ಲಿ ಗಂಡನ ಸಮಾಧಿಯ ಪಕ್ಕ ಕುಣಿ ತೋಡಿದ್ದರು. ಆಚೆ ಕೆಂಪು ಬಾಳೆಯ ತೋಟ, ಎಲೆಯೆಲೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಉಪ್ಪು, ವಿಭೂತಿಗಟ್ಟಿ, ಪತ್ರಿ ಎಲ್ಲ ಸಿದ್ಧವಿತ್ತು.

ಅಕ್ಬರಿ ಬದುವಿನ ಮೇಲೆಯೇ ನಿಂತಳು. ಅವಳ ಕಡೆಯವರಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವ ರೂಢಿಯಿಲ್ಲ. ಕಾಲು ತಾನೇ ತಡೆಯಿತು. ಅಲ್ಲಿಯೇ ಕೊನೆಯ ಹೊಲಿಗೆ ಹಾಕಿ, ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದಳು. ಲಲಿತಾಬಾಯಿಯನ್ನು ಅದಾಗಲೇ ಒಳಗೆ ಇಳಿಸಿ, ಕುಣಿಯ ಗೋಡೆಯ ಗೂಡಿನಲ್ಲಿ ಕೂಡಿಸುತ್ತಿದ್ದರು.

"ಮಲ್ಲಿ, ಬಾ ಇಲ್ಲಿ ಬೇಟಾ! ಇದು ನಿನ್ನ ಕೈಲೇ ಹೋಗಬೇಕ."

ಮಲ್ಲಿಕಾ ಓಡಿ ಬಂದು ಚೀಲ ಒಯ್ದಳು.

"ಲಿಂಗ ಅಂಗೈಯಾಗ ಇರಬೇಕ್ರಿ, ಚೀಲದಾಗ ಹೆಂಗ?" ಎಂದ ಖಂಡೆಪ್ಪ.

ಅಯ್ಯನವರು ಚೀಲ ಇಸಿದುಕೊಂಡು ಒಳಗೆ ಬೆರಳಾಡಿಸಿದರು. "ಮೆತ್ತಗ ಅದ," ಎಂದರು. "ಆಕಿ ದುಡದ ಕೈ ಖಂಡೆಪ್ಪ. ಅಂಗೈಯಾಗ ಚೀಲ ಇರಲಿ, ಚೀಲದಾಗ ಲಿಂಗ ಇರಲಿ. ಶಿವ ಏನು ಬ್ಯಾಸರ ಮಾಡ್ಕೊಳ್ಳೂದಿಲ್ಲ."

ಕರವಸ್ತ್ರ ಬಿಚ್ಚಿ ಲಿಂಗವನ್ನು ಚೀಲಕ್ಕೆ ಇಳಿಸಿ, ಲಲಿತಾಬಾಯಿಯ ಎಡಗೈಯ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಚಿದರು. ಹೆಣಿಗೆಯ ಸಂದಿನಲ್ಲಿ ಹಳದಿ ಒಂದಿಷ್ಟು ಇಣುಕಿ ಮರೆಯಾಯಿತು. ಮಲ್ಲಿಕಾ ವಿಭೂತಿ ಸುರಿದಳು. ಮಂದಿಯೆಲ್ಲ ಮಣ್ಣು ಕೊಟ್ಟರು.

ಜನ ಕೈಕಾಲು ತೊಳೆಯಲು ಬಾವಿಯ ಕಡೆ ಹೋದರು. ಮಲ್ಲಿಕಾ ಮಾತ್ರ ಬದುವಿಗೆ ಬಂದು ಅಕ್ಬರಿಯ ಪಕ್ಕ ಕುಳಿತಳು. ಅಕ್ಬರಿ ಸೆರಗಿನೊಳಗಿನ ಗಂಟು ತೆಗೆದು ಅವಳ ಮಡಿಲಲ್ಲಿ ಇಟ್ಟಳು.

"ಕೆಲಸ ಮುಗೀತು. ಇದು ಉಳದದ್ದು ಬೇಟಾ. ನಿಂದು."

ಮಲ್ಲಿಕಾ ಬಿಚ್ಚಿದಳು. ಹಳದಿ ಫ್ರಾಕಿನ ಎದೆಯ ಜಾಗದಲ್ಲಿ ಹಿಂದು ಮುಂದಿನ ಎರಡೂ ಪದರ ಕೂಡಿಸಿ ದುಂಡಗೆ ಕತ್ತರಿಸಿತ್ತು. ಎಳೆ ಬಿಚ್ಚದಂತೆ ಅಂಚನ್ನು ಸಣ್ಣಗೆ ಮಡಿಚಿ ಹೊಲಿದಿತ್ತು. ಅವಳು ಫ್ರಾಕನ್ನು ಅಂಗೈಯ ಮೇಲೆ ಹರವಿದಳು. ಆ ದುಂಡು ತೂತಿನಲ್ಲಿ ಅವಳ ಅಂಗೈ ಕಂಡಿತು. ಅದರ ಗೆರೆಗಳೊಳಗೆ ವಿಭೂತಿ ಇನ್ನೂ ಬೆಳ್ಳಗಿತ್ತು.