ಭಾಮೈದನೆಂಬ ಉಜ್ಜುಗೊರಡು

ನಡೆಯುವಾಗಲೂ ಆ ಬಡಗಿ ನೆಲವನ್ನು ನಂಬುತ್ತಿರಲಿಲ್ಲ. ಮುಂಗಾಲನ್ನು ಮೊದಲು ಊರಿ, ಜಗ್ಗದೆಂದು ಖಾತ್ರಿಯಾದ ಮೇಲಷ್ಟೇ ಹಿಮ್ಮಡಿಯನ್ನು ಇಳಿಸುವ ನಡಿಗೆ ಕಂಡು ಬೀದಿಯವರು ‘ಅನುಮಾನದಪ್ಪ’ ಎಂದು ಹೆಸರಿಟ್ಟಿದ್ದರು. ಅಳತೆಗೆ ಎರಡು ಟೇಪು. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಬೇಕಲ್ಲ! ಮೊಣಕೈ ಸವೆದ ಕೋಟಿನ ಜೇಬುಗಳಿಗೆಲ್ಲ ಗುಂಡಿ. ಕೆಲಸಗಾರರು ಬಡಿದ ಬೆಣೆ, ಹಾಕಿದ ಬೀಗ, ಹೆಂಡತಿ ಆರಿಸಿದ ಒಲೆ, ಯಾವುದನ್ನೂ ಮತ್ತೊಮ್ಮೆ ಮುಟ್ಟಿ ನೋಡದೆ ಅವನಿಗೆ ಸಮಾಧಾನವಿಲ್ಲ.

ಆ ಕೆಲಸದ ಮನೆಯಲ್ಲಿ ಹತಾರಗಳಿಗೆ ಹೆಸರಿಡುವ ಕ್ರಮವೊಂದಿತ್ತು: ಯಾರ ರಕ್ತವನ್ನು ಮೊದಲು ಕಂಡಿತೋ ಅದಕ್ಕೆ ಅವರ ಹೆಸರು. ಶಾಲೆಗೆ ಬೆಂಚು ಮಾಡಿಸಲು ಬಂದ ಮೇಷ್ಟ್ರು ಹಲ್ಲು ಮುಟ್ಟಿನೋಡಿ ಬೆರಳು ಕೊಯ್ದುಕೊಂಡದ್ದರಿಂದ ಗರಗಸ ‘ಮೇಷ್ಟ್ರು’. ಹಲಗೆಯನ್ನು ನುಣುಪು ಮಾಡುವ ಉಜ್ಜುಗೊರಡುಗಳಲ್ಲಿ ದೊಡ್ಡದು ‘ಭಾಮೈದ’. “ಭಾಮೈದನ್ನ ಈ ಕಡೆ ತಳ್ರೋ” ಎಂದಾಗ ಗಿರಾಕಿಗಳು ನಗುತ್ತಿದ್ದರು. ಮೂಲೆಯಲ್ಲಿ ಕುರ್ಚಿಗಳಿಗೆ ಪಾಲಿಶ್ ಹಚ್ಚುತ್ತಿದ್ದ ಹೆಂಡತಿಗೆ ನಗು ಬರುತ್ತಿರಲಿಲ್ಲ. ಆ ಭಾಮೈದ ಅವಳ ಒಬ್ಬನೇ ತಮ್ಮ. ಇಲ್ಲಿಯೇ ಕೆಲಸಕ್ಕಿದ್ದವನು, ಅಲಗು ಜಾರಿ ಬೆರಳ ತುದಿ ಹೋದ ದಿನ ಅಕ್ಕನಿಗೂ ಒಂದು ಮಾತು ಹೇಳದೆ ಹೊರಟುಹೋದವನು, ಮತ್ತೆ ಈ ಹೊಸಿಲು ತುಳಿದಿರಲಿಲ್ಲ. ಅಲಗನ್ನು ಬಿಗಿಹಿಡಿಯುವ ಬೆಣೆಯನ್ನು ಅವನೇ ಸರಿಯಾಗಿ ಬಡಿದಿರಲಿಲ್ಲವೆಂದು ಗಂಡನ ವಾದ. ಆದರೆ ತಮ್ಮನ ಸುದ್ದಿ ಎತ್ತಿದರೆ ಸಾಕು, ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡಂತೆ, “ನಾನೇನ್ ಮಾಡ್ದೆ?” ಎನ್ನುತ್ತಿದ್ದ. ಇವನೇ ಏನೋ ಮಾಡಿದ್ದಾನೆಂಬ ಗುಮಾನಿ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಒಂದು ಮಧ್ಯಾಹ್ನ ಹೊಸ ಕೆಲಸಗಾರ ಉಜ್ಜುಗೊರಡುಗಳ ಅಲಗುಗಳನ್ನೆಲ್ಲ ಮಸೆದು ಕೂರಿಸಿದ. ಬಡಗಿ ಎಂದಿನಂತೆ ಒಂದೊಂದನ್ನೂ ಎತ್ತಿ, ಬೆಣೆ ಸಡಿಲಿಸಿ ನೋಡಿ, ಮತ್ತೆ ಬಡಿದಿಟ್ಟ. ಭಾಮೈದನ ಬಳಿ ಬಂದಾಗ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಅವಳು ಬ್ರಷ್ಷನ್ನು ಕೆಳಗಿಟ್ಟಳು.

“ಅದೊಂದನ್ನ ಯಾಕ್ರೀ ಮುಟ್ಟಲ್ಲ?”

“ಬಿಡೇ, ಸರಿಯಾಗೇ ಬಡಿದಿದಾನೆ.”

“ನನ್ನ ತಮ್ಮನೂ ಸರಿಯಾಗೇ ಬಡಿದಿದ್ನಾ?”

ಬಡಗಿ ಕೋಟಿನ ಗುಂಡಿ ತಿರುವುತ್ತ ನಿಂತ. “ಅವತ್ತೂ ಅವನು ಬಡಿದಿದ್ದನ್ನ ಸಡಿಲಿಸಿ ನೋಡ್ತಿದ್ದೆ,” ಎಂದ ಕೊನೆಗೆ. “ಅಷ್ಟರಲ್ಲಿ ಯಾರೋ ಕರೆದ್ರು. ಮತ್ತೆ ಬಡಿಯೋದು ಮರ್ತುಹೋಯ್ತು.”

“ಅವನಿಗೆ ಗೊತ್ತಾ?”

“ಗೊತ್ತು. ಅಕ್ಕನ ಸಂಸಾರ ಕೆಡೋದು ಬೇಡ ಅಂತ ಬಾಯಿ ಬಿಡ್ಲಿಲ್ಲ.”

ಅವಳು ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ತಮ್ಮನ ಮನೆಯ ದಾರಿ ಹಿಡಿದಳು. “ಯಾವಾಗ ಬರ್ತೀಯೇ?” ಎಂದವನತ್ತ ತಿರುಗಿಯೂ ನೋಡಲಿಲ್ಲ.

ಸಂಶಯವನ್ನೇ ಜಾಗರೂಕತೆಯೆಂದು ತಿಳಿದವರು ಎಲ್ಲ ಬೀದಿಗಳಲ್ಲೂ ಇರುತ್ತಾರೆ. ಲೋಕವನ್ನೆಲ್ಲ ಅಲುಗಿಸಿ ನೋಡುವ ಇವರು ಕಣ್ಣುಮುಚ್ಚಿ ನಂಬುವುದು ತಮ್ಮ ಕೈಯೊಂದನ್ನೇ. ಆ ಕೈ ಮಾಡಿದ ಗಾಯಕ್ಕೂ ಗಾಯಗೊಂಡವನ ಹೆಸರನ್ನೇ ಇಡುತ್ತಾರೆ.