ಯಾರ ವಾಸನೆಯೂ ಇಲ್ಲದ ಬಟ್ಟೆ

ಆಯಸ್ಸಿನ ಬಹುಪಾಲು ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕಳೆದಿದ್ದರಿಂದ ಆಕೆಯನ್ನು ಬೀದಿಯವರೆಲ್ಲ ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದರು. ಕೆಲಸ ಬಿಟ್ಟು ಬಂದ ಮೇಲೂ ಹೆಸರು ಬಿಡಲಿಲ್ಲ, ಅಭ್ಯಾಸವೂ ಬಿಡಲಿಲ್ಲ. ಯಾರ ಮನೆಗೆ ಹೋದರೂ ಅವರ ಕಣ್ಣು ಮೊದಲು ಬೀಳುವುದು ಕಿಟಕಿಯ ಪರದೆಯ ಮೇಲೆ, ಆಮೇಲೆ ಮನುಷ್ಯರ ಮೇಲೆ. ನಿನ್ನೆ ಈ ಹಾಸಿಗೆಯಲ್ಲಿ ಯಾರು ಮಲಗಿದ್ದರು ಎಂಬುದು ಇವತ್ತು ಮಲಗುವವರಿಗೆ ಗೊತ್ತಾಗಬಾರದು. ಬಟ್ಟೆ ಯಾರ ವಾಸನೆಯನ್ನೂ ಇಟ್ಟುಕೊಳ್ಳಬಾರದು. ಲಾಂಡ್ರಿಯಲ್ಲಿ ಅವರು ಕಲಿತದ್ದು ಇದನ್ನೇ.

ಸೊಸೆ ಬಸುರಿಯಾದಾಗ ಇಸ್ತ್ರಿಯಮ್ಮನ ಈ ವಿದ್ಯೆಗೆ ಮತ್ತೆ ಬೆಲೆ ಬಂತು. ಅದಕ್ಕೆ ಕಾರಣ ಮಗ. ಅವನು ಊರಿನ ಕಸದ ಲಾರಿ ಓಡಿಸುತ್ತಾನೆ. ಊಟಕ್ಕೆ ಕೂತಾಗ ಕಸದ ಗುಡ್ಡೆಯ ಮಾತು ಎತ್ತಬೇಡ ಎಂದು ಎಷ್ಟು ಹೇಳಿದರೂ ಕೇಳುವವನಲ್ಲ.

"ಅಲ್ಲಿ ಎಲ್ಲಾ ಕೊಳೆಯುತ್ತೆ ಅಮ್ಮಾ. ಮೇಜು ಕೊಳೆಯುತ್ತೆ, ಹಾಸಿಗೆ ಕೊಳೆಯುತ್ತೆ. ಮಕ್ಕಳ ಡೈಪರ್ ಮಾತ್ರ ಮಳೆನೀರು ಕುಡಿದು ಊದ್ಕೊಂಡು, ನಮ್ಮನ್ನೇ ನೋಡ್ತಾ ಕೂತಿರ್ತವೆ. ನಾವೆಲ್ಲ ಹೋದ್ಮೇಲೂ ಅವು ಇರ್ತವೆ."

"ತುತ್ತು ಬಾಯಲ್ಲಿದೆ ಕಣೋ. ನುಂಗೋಕೆ ಬಿಡು."

ಆದರೆ ಸೊಸೆ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಅವಳು ಸಸಿ ಬೆಳೆಸಿ ಮಾರುವ ತೋಟದಲ್ಲಿ ಕೆಲಸ ಮಾಡುವವಳು. ಯಾವ ಪೊಟ್ಟಣ ಕೈಗೆ ಬಂದರೂ ಹಿಂಬದಿಯ ಸಣ್ಣಕ್ಷರ ಓದದೆ ಕೆಳಗಿಡುವವಳಲ್ಲ. ತನ್ನ ಕೂಸಿಗೆ ಬಿಸಾಡುವ ಡೈಪರ್ ಬೇಡ, ಘಮಘಮಿಸುವ ಪೌಡರ್ ಬೇಡ, ಪ್ಲಾಸ್ಟಿಕ್ ಬಾಟಲಿ ಬೇಡ, ಟಿನ್ನಿನ ಹಾಲಂತೂ ಬೇಡವೇ ಬೇಡ ಎಂದಳು.

"ನಿನ್ನ ಗಂಡ ಟಿನ್ನಿನ ಹಾಲು ಕುಡಿದೇ ಲಾರಿ ಓಡಿಸ್ತಿದಾನಲ್ಲೇ!" ಎಂದರು ಇಸ್ತ್ರಿಯಮ್ಮ. "ನಂಗೆ ರಜೆ ಕೊಡ್ತಿದ್ರಾ? ಇವನು ಕಣ್ಣು ಬಿಡೋಷ್ಟರಲ್ಲಿ ನಾನು ಲಾಂಡ್ರೀಲಿದ್ದೆ."

"ಅದಕ್ಕೇ ಅತ್ತೆ, ಅವರು ಊಟದ ಹೊತ್ತಲ್ಲಿ ಕಸದ ಮಾತಾಡೋದು" ಎಂದಳು ಸೊಸೆ. ಮೂವರೂ ನಕ್ಕರು.

ಹೋಟೆಲಿನವರು ಸವೆದ ಹಾಸುಬಟ್ಟೆಗಳನ್ನು ಹಳೆಯ ಕೆಲಸಗಾರರಿಗೆ ಕೊಡುತ್ತಿದ್ದರು. ಸಾವಿರ ಸಲ ಒಗೆಸಿಕೊಂಡ ಹತ್ತಿಬಟ್ಟೆ. ಅದರ ಮೆದುತನ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಅತ್ತೆ ಸೊಸೆ ಅದನ್ನು ಚೌಕ ಚೌಕ ಕತ್ತರಿಸಿ ಅಂಚು ಹೊಲಿದರು. ಸೊಸೆ ಹುಡುಕಿ ತಂದ ವಾಸನೆಯಿಲ್ಲದ ಸೋಪಿನಲ್ಲಿ ಇಸ್ತ್ರಿಯಮ್ಮ ಎಲ್ಲವನ್ನೂ ಒಗೆದು, ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿ ಬುಟ್ಟಿಯಲ್ಲಿ ಜೋಡಿಸಿಟ್ಟರು. ಬುಟ್ಟಿ ತುಂಬಿತು. ಇನ್ನು ಕೂಸು ಬರುವುದೊಂದೇ ಬಾಕಿ.

ಕೂಸು ಕಾಯಲಿಲ್ಲ. ತಿಂಗಳು ತುಂಬುವ ಎಷ್ಟೋ ಮೊದಲೇ, ಸೊಸೆ ತೋಟದಲ್ಲಿ ಸಸಿಗೆ ನೀರು ಹಾಕುತ್ತಿರುವಾಗಲೇ ನೋವು ಕಾಣಿಸಿಕೊಂಡಿತು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು. ಗಂಡು ಕೂಸು, ಅಂಗೈ ಅಗಲಿಸಿದರೆ ಅದರಲ್ಲೇ ಮಲಗಬಹುದೇನೋ ಎಂಬಷ್ಟು ಚಿಕ್ಕದು. ಅಲ್ಲಿ ಅಂಥ ಕೂಸುಗಳನ್ನಿಡುವ ಗಾಜಿನ ಪೆಟ್ಟಿಗೆ ಇರಲಿಲ್ಲ. ಸೊಸೆಗೆ ಪೂರ್ತಿ ಎಚ್ಚರವಾಗುವ ಮುಂಚೆಯೇ ಆಂಬುಲೆನ್ಸಿನಲ್ಲಿ ಅದನ್ನು ಊರಿನ ಆ ತುದಿಯ ದೊಡ್ಡ ಆಸ್ಪತ್ರೆಗೆ ಒಯ್ದರು. ಹಿಂದೆಯೇ ಇವಳನ್ನೂ ಕಳಿಸಬಹುದಿತ್ತು. ಆದರೆ ಹೊಲಿಗೆಗೆ ನಂಜಾಗಿ ಜ್ವರ ಬಂತು. ಜ್ವರ ಇಳಿಯುವ ತನಕ ಕೂಸಿನ ಹತ್ತಿರ ಸುಳಿಯುವಂತಿಲ್ಲ ಎಂದುಬಿಟ್ಟರು.

ತಾಯಿ ಇಲ್ಲಿ, ಕೂಸು ಅಲ್ಲಿ. ಬಿಸಾಡುವ ಡೈಪರ್, ಮೂಗಿನಲ್ಲಿ ಪ್ಲಾಸ್ಟಿಕ್ ನಳಿಕೆ, ಬೇಡ ಬೇಡ ಎಂದಿದ್ದೆಲ್ಲವೂ ಈಗ ಕೂಸಿನ ಮೈಮೇಲೆ. ಫೋನಿನಲ್ಲಿ ಗಂಡ ತೋರಿಸಿದ ಚಿತ್ರದಲ್ಲಿ ಸೊಸೆ ಅದನ್ನೆಲ್ಲ ನೋಡಿದಳು. ಅವಳ ಕೈಲಿ ಉಳಿದದ್ದು ಒಂದೇ, ಎದೆಹಾಲು. ಅದನ್ನು ಯಂತ್ರದಲ್ಲಿ ಹಿಂಡಿ ಕಳಿಸಿದರೆ ನಳಿಕೆಯಲ್ಲಿ ಕೊಡುತ್ತೇವೆ, ಇಷ್ಟು ಎಳೆಯ ಹೊಟ್ಟೆಗೆ ತಾಯಿಹಾಲಿನಷ್ಟು ಹಗುರ ಬೇರೊಂದಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಯಂತ್ರ ಗುರ್ರ್ ಗುರ್ರ್ ಎನ್ನುತ್ತಿತ್ತು. ಬಾಟಲಿಯ ತಳ ಒದ್ದೆಯೂ ಆಗುತ್ತಿರಲಿಲ್ಲ.

ದೊಡ್ಡ ಆಸ್ಪತ್ರೆಯ ನರ್ಸಮ್ಮ ಒಂದು ಉಪಾಯ ಹೇಳಿದಳು. ಮಾತು ಕಡಿಮೆ, ಕೈ ಮೆದು, ಅಂಥ ಹೆಣ್ಣು. ಮನೆಯಿಂದ ಹತ್ತಿಬಟ್ಟೆಯ ಒಂದು ತುಂಡು ತರಿಸಿ ಕೂಸಿನ ಕೆನ್ನೆಯ ಕೆಳಗೆ ಹಾಸಿ, ಒಂದಿಡೀ ದಿನ ಬಿಟ್ಟಳು. ಆಮೇಲೆ ಅದನ್ನು ಚೀಲಕ್ಕೆ ಹಾಕಿ ಬಾಯಿ ಬಿಗಿದು ಮಗನ ಕೈಗಿತ್ತಳು. ತಾಯಿ ಇದನ್ನು ಮೂಗಿನ ಹತ್ತಿರ ಇಟ್ಟುಕೊಂಡು ಯಂತ್ರ ಹಚ್ಚಲಿ. ಕೂಸಿನ ವಾಸನೆಗೆ ಎಷ್ಟೋ ಜನರಿಗೆ ಹಾಲು ಇಳಿದದ್ದನ್ನು ನೋಡಿದ್ದೇನೆ ಎಂದಳು.

ಮಗ ಅದನ್ನು ಮನೆಗೆ ತಂದಾಗ ಅವನಿಗೆ ನಿಂತಲ್ಲೇ ನಿದ್ದೆ. ಲಾರಿ, ಆಸ್ಪತ್ರೆ, ಮತ್ತೆ ಲಾರಿ. "ಕೂಸಿನ ಬಟ್ಟೆ ಅಮ್ಮಾ. ಬೆಳಿಗ್ಗೆ ಹೋಗ್ತಾ ಅವಳಿಗೆ ಕೊಡು, ಮರೀಬೇಡ" ಎಂದಷ್ಟೇ ಹೇಳಿ ಹಾಸಿಗೆಗೆ ಬಿದ್ದ. ಉಳಿದದ್ದನ್ನು ಹೇಳಿದ್ದೇನೆ ಎಂದೇ ಅವನು ತಿಳಿದಿದ್ದ.

ಇಸ್ತ್ರಿಯಮ್ಮ ಚೀಲ ಬಿಚ್ಚಿದರು. ತಾವೇ ಅಂಚು ಹೊಲಿದ ಚೌಕ. ಒಂದು ಮೂಲೆಯಲ್ಲಿ ಹಳದಿ ಕಲೆ, ನಡುವೆ ಜೊಲ್ಲು ಒಣಗಿ ಗರಿಗರಿಯಾದ ಗುರುತು. ಪಾಪ, ಕೂಸಿನ ಮೊದಲ ಬಟ್ಟೆ ಅಂತ ನೆನಪಿಗೆ ಇಟ್ಟುಕೊಳ್ಳಲು ಸೊಸೆ ಕೇಳಿರಬೇಕು, ಜ್ವರ ಬಂದವಳ ಕೈಗೆ ಇದನ್ನು ಹೀಗೆ ಕೊಡುವುದೇ, ಅಂದುಕೊಂಡರು. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಕಲೆಗೆ ಸೋಪು ತಿಕ್ಕಿ, ಜಾಲಿಸಿ, ಕೊನೆಗೆ ಇಸ್ತ್ರಿಪೆಟ್ಟಿಗೆಯ ಬಿಸಿಯಲ್ಲೇ ಒಣಗಿಸಿದರು. ಮಡಿಸಿದರೆ ಗುಲಾಬಿ ದಳದ ಹಾಗಿತ್ತು. ಕೂಸು ಹುಟ್ಟಿದಂದಿನಿಂದ ತಮ್ಮ ಕೈಯಿಂದ ಒಂದು ಕೆಲಸ ಸರಿಯಾಗಿ ಆಯಿತು ಎಂದು ಅವರಿಗೆ ಅನ್ನಿಸಿದ್ದು ಅದೇ ಮೊದಲು.

ಬೆಳಿಗ್ಗೆ ಸಣ್ಣ ಆಸ್ಪತ್ರೆಯಲ್ಲಿ ಸೊಸೆ ಆಗಲೇ ಎದ್ದು ಕೂತಿದ್ದಳು. ಯಂತ್ರ ಪಕ್ಕದಲ್ಲೇ ಇತ್ತು. "ತಂದ್ರಾ ಅತ್ತೆ?" ಎಂದು ಕೈ ಚಾಚಿದಳು. ಬಟ್ಟೆ ತೆಗೆದುಕೊಂಡವಳೇ ಮುಖಕ್ಕೆ ಒತ್ತಿಕೊಂಡಳು. ಒಂದು ಕ್ಷಣ ಹಾಗೇ ಇದ್ದಳು. ಬಟ್ಟೆ ತಿರುಗಿಸಿದಳು, ಮಡಿಕೆ ಬಿಚ್ಚಿದಳು, ಒಂದೊಂದೇ ಮೂಲೆಯನ್ನು ಮೂಗಿಗೆ ಹಿಡಿದಳು. ಕತ್ತಲ ಕೋಣೆಯಲ್ಲಿ ಸ್ವಿಚ್ಚು ತಡಕುವವರ ಹಾಗೆ.

"ಒಗೆದ್ರಾ?" ಎಂದಳು ಮೆಲ್ಲಗೆ.

"ಹೂಂ ಕಣೇ. ಕಲೆ ಇತ್ತು..."

ಬಟ್ಟೆ ಯಾಕೆಂದು ಗಂಡ ಫೋನಿನಲ್ಲಿ ತಿಳಿಸಿದ್ದನ್ನು ಸೊಸೆ ಹೇಳಿದಳು. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಏರಿಸಿದ್ದರೇ ಚೆನ್ನಾಗಿತ್ತು. ಇಸ್ತ್ರಿಯಮ್ಮ ಮಡಿಕೆ ಬಿಚ್ಚಿದ ಆ ಬಟ್ಟೆಯನ್ನು ನೋಡಿದರು. ಲಾಂಡ್ರಿಯಲ್ಲಿ ಒಂದೇ ಒಂದು ಸಲವೂ ಬಟ್ಟೆ ಹಾಳುಮಾಡಿದವಳು ಎನಿಸಿಕೊಂಡವರಲ್ಲ.

"ನಿಮಗೆ ಯಾರೂ ಹೇಳಿರ್ಲಿಲ್ಲ ಅತ್ತೆ" ಎಂದಳು ಸೊಸೆ. ಹೇಳುತ್ತಲೇ ಅವಳ ಕಣ್ಣು ತುಂಬಿತು. "ಎಷ್ಟು ಚೆನ್ನಾಗಿ ಒಗೆದಿದೀರಿ. ಏನೂ ಉಳಿದಿಲ್ಲ."

"ನಾನೇ ಹೋಗಿ ಇನ್ನೊಂದು ತರ್ತೀನಿ. ಈಗಲೇ."

ಹೊರಡುವಾಗ ಸೊಸೆ ತನ್ನ ಎದೆಯ ಮೇಲಿಟ್ಟುಕೊಂಡಿದ್ದ ಇನ್ನೊಂದು ಚೌಕವನ್ನು ಚೀಲಕ್ಕೆ ಹಾಕಿಕೊಟ್ಟಳು, ಕೂಸಿನ ಹತ್ತಿರ ಇಡಲು. ಬಸ್ಸಿನಲ್ಲಿ ಇಸ್ತ್ರಿಯಮ್ಮ ಆ ಚೀಲವನ್ನು ಬಿಚ್ಚಲಿಲ್ಲ, ಮಡಿಲಲ್ಲೂ ಇಟ್ಟುಕೊಳ್ಳದೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂತರು. ಕಂಬಿ ಹಿಡಿದು ನಿಂತಿದ್ದ ಒಬ್ಬ ಹೆಂಗಸು ಅವರ ಮುಖ ನೋಡಿ, "ಒಡೆಯೋ ಸಾಮಾನಾ ಅಮ್ಮ? ಹುಷಾರು" ಎಂದು, ಇಳಿಯುವ ತನಕ ತನ್ನ ತೋಳು ಅಡ್ಡ ಹಿಡಿದು ಜನ ನೂಕದಂತೆ ನೋಡಿಕೊಂಡಳು.

ದೊಡ್ಡ ಆಸ್ಪತ್ರೆಯಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬೇರೆಯವರಿಗೆ ಒಳಗೆ ಪ್ರವೇಶವಿಲ್ಲ. ಗಾಜಿನ ಗೋಡೆಯ ಈಚೆ ನಿಲ್ಲಬಹುದು. ನರ್ಸಮ್ಮ ಹೊರಗೆ ಬಂದು ಚೀಲ ತೆಗೆದುಕೊಂಡಳು. ಇಸ್ತ್ರಿಯಮ್ಮ ನಡೆದದ್ದನ್ನು ಒಂದೂ ಬಿಡದೆ ಹೇಳಿದರು.

"ಅಯ್ಯೋ ಅಜ್ಜಿ, ನೀವೇ ಮೊದಲಲ್ಲ" ಎಂದಳು ನರ್ಸಮ್ಮ. "ಒಬ್ರು ತಾತ ಅದರಲ್ಲಿ ಕನ್ನಡಕ ಒರೆಸ್ಕೊಂಡಿದ್ರು." ಇಸ್ತ್ರಿಯಮ್ಮನಿಗೆ ನಗು ಬರಲಿಲ್ಲ, ಆದರೂ ನಗಿಸಲು ನೋಡಿದಳಲ್ಲ ಎಂದು ಅವಳ ತೋಳು ಮುಟ್ಟಿದರು.

"ಇನ್ನೊಂದು ಕೊಡ್ತೀಯಾ ತಾಯಿ?"

"ಇವತ್ತು ಬೇರೆ ಹಾಸಿಲ್ಲ ಅಜ್ಜಿ. ಈಗ ಹಾಸಿದ್ರೆ ನಾಳೆ ಸಿಗುತ್ತೆ. ಆದ್ರೆ..." ಅವಳು ತಡೆದಳು. "ಡಾಕ್ಟ್ರು ಇನ್ನು ಕಾಯೋಕಾಗಲ್ಲ ಅಂದ್ರು. ತೂಕ ಇಳೀತಿದೆ. ಬೇರೆ ತಾಯಂದಿರ ಹಾಲೂ ಇವತ್ತು ನಮ್ಮಲ್ಲಿಲ್ಲ. ನಿಮ್ಮ ಮಗನಿಗೆ ಫೋನ್ ಮಾಡಿದ್ವಿ, ಒಪ್ಪಿದಾರೆ."

ಗಾಜಿನಾಚೆ ಅವಳು ಟಿನ್ನಿನ ಮುಚ್ಚಳ ತೆಗೆದಳು. ಅಂಥದೇ ಟಿನ್ನುಗಳನ್ನು ಇಸ್ತ್ರಿಯಮ್ಮ ಒಂದು ಕಾಲದಲ್ಲಿ ಎಷ್ಟು ಕಷ್ಟಪಟ್ಟು ಕೊಂಡಿದ್ದರು! ಖಾಲಿಯಾದ ಮೇಲೂ ಎಸೆಯದೆ ಗುಂಡಿ, ದಾರ ತುಂಬಿಡುತ್ತಿದ್ದರು. ಟಿನ್ನಿನ ಹಾಲಿನ ಪರ ವಾದ ಮಾಡಿದವರೂ ಅವರೇ. ಆದರೆ ಈಗ, ಒಂದು ತೊಟ್ಟು ಸೊಸೆಯ ಹಾಲಿಗಾಗಿ ಬೇಕಾದರೆ ತಮ್ಮ ಮಿಕ್ಕ ಆಯಸ್ಸನ್ನೆಲ್ಲ ಕೊಟ್ಟೇನು ಅನ್ನಿಸಿತು. ಯಾರಿಗೆ ಕೊಡುವುದು? ತೆಗೆದುಕೊಳ್ಳುವವರು ಯಾರೂ ಅಲ್ಲಿರಲಿಲ್ಲ.

ಹಾಲು ನಳಿಕೆಯಲ್ಲಿ ತೊಟ್ಟು ತೊಟ್ಟಾಗಿ ಇಳಿಯಿತು. ನರ್ಸಮ್ಮ ಸೊಸೆಯ ಬಟ್ಟೆಯನ್ನು ಕೂಸಿನ ಕೆನ್ನೆಯ ಕೆಳಗೆ ಜಾರಿಸಿದಳು. ಇಸ್ತ್ರಿಯಮ್ಮ ಗಾಜಿಗೆ ಹಣೆ ಹಚ್ಚಿ ಕಾದರು. ಕೂಸು ತಲೆ ತಿರುಗಿಸಲಿಲ್ಲ, ಮೂಗು ಅರಳಿಸಲಿಲ್ಲ. ಮಲಗಿದ್ದ ಹಾಗೇ ಮಲಗಿತ್ತು.

ಅವರು ಬರಿಗೈಯಲ್ಲಿ ಸೊಸೆಯ ಹತ್ತಿರ ವಾಪಸು ಬಂದಾಗ ವಾರ್ಡಿನಲ್ಲಿ ಸಂಜೆಯ ಚಹಾ ಕೊಡುತ್ತಿದ್ದರು. ಮುಚ್ಚಿಡುವ ಮನಸ್ಸಾಗಲಿಲ್ಲ. "ಟಿನ್ನಿಂದೇ ಕೊಟ್ರು ಕಣೇ."

ಸೊಸೆ ಗೋಡೆ ನೋಡಿದಳು. "ಕುಡಿದನಾ?"

"ಹೂಂ. ವಾಂತಿ ಮಾಡ್ಲಿಲ್ಲ."

"ಸದ್ಯ." ಅತ್ತೆಯ ಕಡೆ ತಿರುಗಿ ಕೇಳಿದಳು: "ಹತ್ರ ಬಿಟ್ರಾ ನಿಮ್ಮನ್ನ? ಹೇಗಿರುತ್ತೆ ಅತ್ತೆ ಅವನ ವಾಸನೆ?"

ಬಿಡಲಿಲ್ಲ ಎನ್ನಲು ಬಾಯಿ ತೆರೆದ ಇಸ್ತ್ರಿಯಮ್ಮ ಅಲ್ಲೇ ತಡೆದರು. ಕಲೆ ಎಂಥದ್ದು ಎಂದು ತಿಳಿಯಲು ಒಗೆಯುವ ಮುಂಚೆ ಮೂಸಿ ನೋಡುವುದು ಲಾಂಡ್ರಿಯವರ ಪದ್ಧತಿ. ನಿನ್ನೆಯೂ ಮೂಸಿದ್ದರು. ಯಾವ ಸೋಪು ಹಾಕಬೇಕೆಂದಷ್ಟೇ ಆಗ ಯೋಚಿಸಿದ್ದರು. ಕೂಸನ್ನು ಮಗ ಗಾಜಿನ ಪೆಟ್ಟಿಗೆಯ ಹೊರಗಿನಿಂದ ಫೋನಿನಲ್ಲಿ ಹಿಡಿದು ತಂದಿದ್ದ, ತಾಯಿ ಹೊಟ್ಟೆಯಲ್ಲಿ ಹೊತ್ತಿದ್ದಳು. ಅದರ ವಾಸನೆ ಮಾತ್ರ ಈ ಮನೆಯಲ್ಲಿ ಇವರೊಬ್ಬರ ಮೂಗಿಗೇ ಗೊತ್ತು. ಅದನ್ನು ಅವಳಿಗೆ ದಾಟಿಸುವುದು ಹೇಗೆ?

"ಹಾಲಿನ ಹಾಗಲ್ಲ" ಎಂದು ಶುರುಮಾಡಿದರು. "ಹುಳಿಯೂ ಅಲ್ಲ. ಔಷಧಿ ವಾಸನೆ ಮೇಲ್ಮೇಲೆ. ಅದರಡಿಗೆ ಬೆಚ್ಚಗೆ... ಬಿಸಿಲಲ್ಲಿ ಒಣಗಿದ ಬಟ್ಟೆ ಮಡಿಸ್ತೀವಲ್ಲ... ಅಲ್ಲ, ಹಾಗೂ ಅಲ್ಲ ಕಣೇ. ಥೂ, ನಂಗೆ ಹೇಳಕ್ಕೆ ಬರಲ್ಲ."

ಸೊಸೆ ಯಂತ್ರವನ್ನು ಎದೆಗೆ ಹಚ್ಚಿಕೊಂಡು ಗುಂಡಿ ಒತ್ತಿದಳು. ಕಣ್ಣು ಮುಚ್ಚಿದಳು.

"ಬರದಿದ್ರೂ ಹೇಳಿ ಅತ್ತೆ" ಎಂದಳು.

ಇಸ್ತ್ರಿಯಮ್ಮ ಹೇಳಿದರು. ನಿನ್ನ ತೋಟದಲ್ಲಿ ಮೊಳಕೆ ಏಳುವ ಮಣ್ಣಿರುತ್ತಲ್ಲ ಹಾಗೆ, ಎಂದರು. ಅಲ್ಲ, ಅದಕ್ಕಿಂತ ತೆಳು, ಎಂದರು. ಇವನ ಅಪ್ಪನ ನೆತ್ತಿ ಹೀಗೇ ಇತ್ತೇನೋ, ನಾನು ಕೆಲಸದಿಂದ ಬರೋಷ್ಟರಲ್ಲಿ ಮಲಗಿರ್ತಿದ್ದ, ಎಂದರು. ಯಂತ್ರ ಗುರ್ರ್ ಗುರ್ರ್ ಎನ್ನುತ್ತಿತ್ತು. ಬಾಟಲಿಯ ಕಡೆ ಇಬ್ಬರೂ ನೋಡಲಿಲ್ಲ.